ಟಿವಿ, ಲ್ಯಾಪ್‌ಟಾಪ್ ಎರಡನ್ನೂ ಡ್ಯಾಕ್ ಮೂಲಕ ಹಳೇ ಸ್ಟೀರಿಯೋಗೆ ಹಾಕಿದೀನಿ, ಸಿನಿಮಾ ಹಾಕಿದ್ರೆ ಸೌಂಡೇ ಇಲ್ಲ

ತುಂಗಾತೀರ: ನಮಸ್ಕಾರ ಎಲ್ರಿಗೂ, ನಮ್ದು ತೀರ್ಥಹಳ್ಳಿ ಹತ್ರ. ಅಪ್ಪಯ್ಯ ತಗೊಂಡಿದ್ದ ಸ್ಟೀರಿಯೋ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಇನ್ನೂ ಚೆಂದಾಗಿ ಹಾಡ್ತಾವೆ, ಬಿಸಾಕೋ ಮನಸ್ಸಿಲ್ಲ. ಹಿಂದ್ಗಡೆ ಆಕ್ಸ್, ಟೇಪ್, ಫೋನೋ ಅಂತ ಕೆಂಪು-ಬಿಳಿ ಸಾಕೆಟ್ ಅಷ್ಟೇ ಇರೋದು. ಹೊಸ ಟಿವಿಲಿ ಇಯರ್‌ಫೋನ್ ಜ್ಯಾಕ್ ಇಲ್ಲ, ಬೆಳಕಲ್ಲಿ ಸೌಂಡ್ ಕಳಿಸೋ ಆಪ್ಟಿಕಲ್ ಸಾಕೆಟ್ ಇದೆ, ಅದಕ್ಕೆ ಆಪ್ಟಿಕಲ್ಲು ಯುಎಸ್‌ಬಿ ಎರಡೂ ಇರೋ ಸಣ್ಣ ಡ್ಯಾಕ್ (ಡಿಜಿಟಲ್ ಸೌಂಡನ್ನ ಹಳೇ ಆಂಪಿಗೆ ಒಗ್ಗೋ ಹಾಗೆ ಬದಲಾಯಿಸೋ ಡಬ್ಬಿ) ತರಿಸಿದೆ. ಕೆಲವು ಚಾನೆಲ್ ಸರಿಯಾಗಿ ಕೇಳತ್ತೆ, ಸಿನಿಮಾ ಹಾಕಿದ್ರೆ ಏನೂ ಬರಲ್ಲ. ಲ್ಯಾಪ್‌ಟಾಪ್ ಯುಎಸ್‌ಬಿಲಿ ಹಾಡು ಬರತ್ತೆ ಆದ್ರೆ ಜೊತೆಗೆ ಗುಂಯ್ ಅಂತ ಸದ್ದು, ಚಾರ್ಜರ್ ಕಿತ್ರೆ ನಿಲ್ಲತ್ತೆ. ಚಾರ್ಜರ್, ಆಂಪ್ ಎರಡಕ್ಕೂ ಮೂರು ಪಿನ್ನು. ಡ್ಯಾಕ್ ಹಾಳಾಗಿದ್ಯಾ?

ಸಾಗರ_ಅಡಿಕೆ: ಹಾಳಾಗಿಲ್ಲ ಮಾರಾಯ್ರೆ. ಟಿವಿ ಸೆಟ್ಟಿಂಗ್ಸಲ್ಲಿ ಸೌಂಡ್‌ಗೆ ಹೋಗಿ, ಡಿಜಿಟಲ್ ಔಟ್‌ಪುಟ್ ಅಂತ ಇರತ್ತೆ, ಅದು ಆಟೋ ಅಥವಾ ಡಾಲ್ಬಿ ಅಂತಿದ್ರೆ ಪಿಸಿಎಂ ಮಾಡಿ. ಡಾಲ್ಬಿಲಿ ಐದಾರು ಸ್ಪೀಕರಿನ ಸೌಂಡ್ ಒತ್ತಿ ಪ್ಯಾಕ್ ಮಾಡಿ ಕಳಿಸ್ತಾರೆ, ಅದನ್ನ ಬಿಚ್ಚೋಕೆ ಡಿಕೋಡರ್ ಬೇಕು, ಸಾಮಾನ್ಯ ಡ್ಯಾಕಲ್ಲಿ ಅದಿರಲ್ಲ. ಪಿಸಿಎಂ ಮಾಡಿದ್ರೆ ಬಿಚ್ಚೋ ಕೆಲಸ ಟಿವಿನೇ ಮಾಡಿ ಎಡ-ಬಲ ಎರಡು ಸ್ಪೀಕರಿಗೆ ಆಗೋ ಸೌಂಡ್ ಕೊಡತ್ತೆ.

ಶಿವಮೊಗ್ಗ_ವಾಲ್ವ್: ಗುಂಯ್ ಅನ್ನೋದು ಗ್ರೌಂಡ್ ಲೂಪ್. ಚಾರ್ಜರಿನ ಅರ್ಥ್ ಲ್ಯಾಪ್‌ಟಾಪು, ಯುಎಸ್‌ಬಿ ವೈರು, ಡ್ಯಾಕು ದಾಟಿ ಆಂಪಿನ ಅರ್ಥಿಗೆ ಹೋಗಿ ಸುತ್ತು ಪೂರ್ತಿ ಆಗ್ತಿದೆ. ಮೊದ್ಲು ಎಲ್ಲಾ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ, ಸುಮಾರು ಕಡೆ ಅಲ್ಲಿಗೇ ಕಮ್ಮಿ ಆಗತ್ತೆ. ಆಗ್ಲಿಲ್ಲ ಅಂದ್ರೆ ಯುಎಸ್‌ಬಿ ಐಸೊಲೇಟರ್ ಅಂತ ಸಿಗತ್ತೆ, ಅರ್ಥಿನ ದಾರಿ ಕಡಿದು ಸೌಂಡಿನ ಡೇಟಾ ಮಾತ್ರ ಬಿಡತ್ತೆ, ಅದನ್ನ ಲ್ಯಾಪ್‌ಟಾಪು ಡ್ಯಾಕು ಮಧ್ಯ ಹಾಕಿ. ಟಿವಿಲಿ ಈ ಸದ್ದು ಬರ್ತಿಲ್ಲ ಅಲ್ವಾ, ಯಾಕಂದ್ರೆ ಆಪ್ಟಿಕಲಲ್ಲಿ ಹೋಗೋದು ಬೆಳಕು, ಕರೆಂಟ್ ದಾಟೋಕೆ ದಾರಿನೇ ಇಲ್ಲ. ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಸದ್ದು ಹೋಗ್ಲಿ ಅಂತ ಯಾರಾದ್ರೂ ಅರ್ಥ್ ಪಿನ್ ಕಿತ್ತಾಕಿ ಅಂದ್ರೆ ಕೇಳ್ಬೇಡಿ, ಆ ಹಳೇ ಆಂಪಲ್ಲಿ ಏನಾದ್ರೂ ಶಾರ್ಟ್ ಆದ್ರೆ ಮುಟ್ಟಿದೋರ ಜೀವಕ್ಕೇ ಅಪಾಯ.

ತುಂಗಾತೀರ: ಪಿಸಿಎಂ ಮಾಡಿದ ಕೂಡ್ಲೇ ಸಿನಿಮಾ ಸೌಂಡ್ ಬಂತು, ತುಂಬಾ ಥ್ಯಾಂಕ್ಸ್! ಒಂದೇ ಬೋರ್ಡಿಗೆ ಹಾಕಿದ್ಮೇಲೆ ಗುಂಯ್ ಕೂಡ ಕಿವಿ ಕೊಟ್ಟು ಕೇಳಿದ್ರೆ ಮಾತ್ರ ಗೊತ್ತಾಗತ್ತೆ. ಇನ್ನೊಂದು, ಆಕ್ಸಲ್ಲಿ ಟೇಪ್ ಡೆಕ್ ಇದೆ, ಡ್ಯಾಕನ್ನ ಖಾಲಿ ಇರೋ ಫೋನೋಗೆ ಹಾಕ್ಬಹುದಾ? 192 ಕಿಲೋಹರ್ಟ್ಸ್ ಡ್ಯಾಕ್ ತಗೊಂಡ್ರೆ ಇನ್ನೂ ಚೆನ್ನಾಗಿ ಕೇಳತ್ತಾ?

ಶಿವಮೊಗ್ಗ_ವಾಲ್ವ್: ಫೋನೋಗೆ ಬೇಡವೇ ಬೇಡ. ಅದು ರೆಕಾರ್ಡ್ ಪ್ಲೇಯರ್ ಮುಳ್ಳಿಂದ ಬರೋ ಕೆಲವೇ ಮಿಲಿವೋಲ್ಟಿಗೆ ಮಾಡಿದ್ದು, ಡ್ಯಾಕಿಂದ ಬರೋದು ಸುಮಾರು 2 ವೋಲ್ಟ್, ಸೌಂಡ್ ಒಡೆದು ಕಿರುಚತ್ತೆ, ಸಾಲದ್ದಕ್ಕೆ ಆ ಸಾಕೆಟ್ಟು ಬೇಸ್ ಎತ್ತಿ ಟ್ರೆಬಲ್ ತಗ್ಗಿಸತ್ತೆ. ಡೆಕ್ಕನ್ನ ಅದರದ್ದೇ ಟೇಪ್ ಸಾಕೆಟ್ಟಿಗೆ ಹಾಕಿ, ಆಕ್ಸನ್ನ ಡ್ಯಾಕಿಗೆ ಬಿಡಿ. 192ಕ್ಕೆ ದುಡ್ಡು ಹಾಕ್ಬೇಡಿ, ಅದು ಸೆಕೆಂಡಿಗೆ ಎಷ್ಟು ಸಾವಿರ ಸಲ ಸೌಂಡ್ ಅಳೀತಾರೆ ಅನ್ನೋ ಲೆಕ್ಕ, ಸೀಡಿನೇ 16 ಬಿಟ್, 44.1 ಕಿಲೋಹರ್ಟ್ಸು, ಅದನ್ನ ಸರಿಯಾಗಿ ನುಡಿಸಿದ್ರೆ ನಿಮ್ಮ ಸ್ಪೀಕರಲ್ಲಿ ತಂಬೂರಿ ತಂತಿ ಮಿಡಿಯೋದು ಸಮೇತ ಕೇಳತ್ತೆ. ಆ ದುಡ್ಡಲ್ಲಿ ಮನೆ ಅರ್ಥಿಂಗ್ ಚೆಕ್ ಮಾಡ್ಸಿ.

ಸಾಗರ_ಅಡಿಕೆ: ಸಿಡಿಲಿನ ಹೊತ್ತಲ್ಲಿ ಪ್ಲಗ್ ಎಲ್ಲಾ ಕಿತ್ತಿಡಿ, ಡಿಶ್ ವೈರ್ ಕೂಡ. ಆಪ್ಟಿಕಲ್ ಇದೆ ಅಂತ ಸುಮ್ನಿರ್ಬೇಡಿ, ಡ್ಯಾಕಿನ ಅಡಾಪ್ಟರ್ ಕರೆಂಟಲ್ಲೇ ಇರತ್ತಲ್ಲ.