ಸಹಾಯ ಬೇಕು: ಈ ಕಲ್ಲಿನ ಗೆರೆಗಳು ಸ್ಟ್ರೊಮಾಟೊಲೈಟೇ, ಬಂಡೆ ಬರಿದೇ ಮಡಿಚಿಕೊಂಡದ್ದೇ?

ಎಲ್ಲರಿಗೂ ನಮಸ್ಕಾರ. ನಾನು ಗುಬ್ಬಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ತನ್ನ ತೆಂಗಿನ ತೋಟದ ಬದುವಿಗೆ ಹಾಕಿಸಿದ್ದ ಕಲ್ಲುಗಳಲ್ಲಿ ಒಂದನ್ನು ತಂದುಕೊಟ್ಟಿದ್ದಾನೆ. ಅಂಗೈಯಗಲದ ಆ ಬೂದು ಕಲ್ಲನ್ನು ನೀರಿನಲ್ಲಿ ಅದ್ದಿದರೆ, ಬೋರಲು ಹಾಕಿದ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಬಾಗಿದ ತೆಳುವಾದ ಪದರಗಳು ಎದ್ದು ಕಾಣುತ್ತವೆ.

ನಮ್ಮ ಜಿಲ್ಲೆಯ ದೊಡ್ಡಗುಣಿ ಬಳಿ, ಸೂಕ್ಷ್ಮಜೀವಿಗಳ ಲೋಳೆಹಾಸು ಪದರ ಪದರವಾಗಿ ಕಟ್ಟಿದ, 250 ಕೋಟಿ ವರ್ಷಗಳಿಗೂ ಹಿಂದಿನ ಸ್ಟ್ರೊಮಾಟೊಲೈಟ್‌ಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. (ಪ್ರಾಣಿಗಳೇ ಹುಟ್ಟದಿದ್ದ ಕಾಲದ ಬಂಡೆಗಳಲ್ಲಿ ಎಲುಬು ಹುಡುಕಿ ಫಲವಿಲ್ಲವೆಂದು ಮಕ್ಕಳಿಗೆ ಒಪ್ಪಿಸುವುದೇ ಸಾಹಸವಾಯಿತು.)

ಪ್ರಯೋಗಾಲಯದ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಕಲ್ಲಿನ ಮೇಲೆ ಹನಿಸಿದಾಗ ಗುಳ್ಳೆಗಳು ಕಾಣಲಿಲ್ಲ; ಕೆರೆದು ತೆಗೆದ ಪುಡಿಯ ಮೇಲೆ ಹನಿಸಿದಾಗ ಚೆನ್ನಾಗಿಯೇ ಬಂದವು. ಆದ್ದರಿಂದ ಇದು ಡಾಲೊಮೈಟ್ (ಮೆಗ್ನೀಸಿಯಂ ಇರುವ, ಸುಣ್ಣಕಲ್ಲನ್ನು ಹೋಲುವ ಕಲ್ಲು) ಎಂದು ಭಾವಿಸಿದ್ದೇನೆ. ಮಸೂರದಲ್ಲಿ ನೋಡಿದರೆ ಪದರಗಳು ಗುಮ್ಮಟದ ನೆತ್ತಿಯಲ್ಲಿ ದಪ್ಪವಾಗಿ, ಇಳಿಜಾರಿನಲ್ಲಿ ತೆಳ್ಳಗಾಗಿವೆ. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿಯೇ: ಲೋಳೆಹಾಸು ಬೆಳೆದರೂ ನೆತ್ತಿ ದಪ್ಪವಾಗಬಹುದು, ಭೂಮಿಯ ಒತ್ತಡಕ್ಕೆ ಬಂಡೆ ಮಡಿಚಿಕೊಂಡರೂ ಹಾಗೆಯೇ ಆಗಬಹುದು. ಕಲ್ಲು ಮೂಲ ಜಾಗದಲ್ಲಿಲ್ಲದ ಕಾರಣ ಅದರ ಮೇಲ್ಭಾಗ ಯಾವುದೆಂಬುದೂ ತಿಳಿಯುತ್ತಿಲ್ಲ.

ಬಿಡಿ ಕಲ್ಲಿನಲ್ಲಿ ಇವೆರಡನ್ನೂ ಬೇರ್ಪಡಿಸಿ ತೋರಿಸುವ, ಬರಿಗಣ್ಣಿಗೋ ಮಸೂರಕ್ಕೋ ಸಿಗುವ ಗುರುತು ಯಾವುದು? ಗ್ರಾನೈಟ್ ಅಂಗಡಿಯಲ್ಲಿ ಕೊಯ್ಯಿಸುವುದಾದರೆ ಪದರಗಳಿಗೆ ಅಡ್ಡಲಾಗಿ ಕೊಯ್ಯಿಸಬೇಕೇ, ಸಮಾನಾಂತರವಾಗಿಯೇ?