ಬ್ಲಿಟ್ಜ್‌ನಲ್ಲಿ ಕಲಿತದ್ದು ಕ್ಲಾಸಿಕಲ್‌ನಲ್ಲಿ ಕೈಹಿಡಿಯುತ್ತಾ? ಅನುಭವ ಇದ್ದವರು ಹೇಳಿ

ಪ್ರಶ್ನೆ:
ಎರಡು ವರ್ಷದಿಂದ ಆನ್‌ಲೈನ್‌ನಲ್ಲಿ ದಿನಾ ಬ್ಲಿಟ್ಜ್ ಚೆಸ್, ಅಂದರೆ ತಲಾ 3 ನಿಮಿಷದ ವೇಗದ ಆಟ, ಆಡುತ್ತಿದ್ದೇನೆ. ರೇಟಿಂಗ್ 1900ರ ಹತ್ತಿರ ಇದೆ. ಹೋದ ತಿಂಗಳು ಮೊದಲ ಸಲ ಕ್ಲಾಸಿಕಲ್ ಟೂರ್ನಿಗೆ ಹೋದೆ. ತಲಾ 90 ನಿಮಿಷ, ಪ್ರತಿ ನಡೆಗೂ 30 ಸೆಕೆಂಡ್ ಸೇರುತ್ತದೆ. 9 ಸುತ್ತಿಗೆ ಬಂದದ್ದು 3 ಅಂಕ. ಆರು ಸೋಲು. ಬ್ಲಿಟ್ಜ್ ಪೂರ್ತಿ ಬಿಡಬೇಕಾ? ಅಥವಾ ಎರಡೂ ಬೇರೆ ಬೇರೆ ಆಟವೇ?

ತುಮಕೂರಿನಿಂದ:
ನನಗೂ ಹೀಗೇ ಆಗಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ನನ್ನ ಮೊದಲ ಟೂರ್ನಿಯ ನಾಲ್ಕನೇ ಸುತ್ತು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎದುರಾಳಿ ಕುದುರೆಯನ್ನು ಬೋರ್ಡಿನ ಎಫ್5 ಮನೆಗೆ ತಂದರು. ಬ್ಲಿಟ್ಜ್‌ನಲ್ಲಿ ಅಂಥ ಕುದುರೆ ಕಂಡರೆ ಒಂಟೆಯಿಂದ ಹೊಡೆದುಬಿಡುವುದು ನನ್ನ ರೂಢಿ. ಹೊಡೆದೆ. ಅವರು ಜಿ ಕಾಲಾಳಿನಿಂದ ವಾಪಸ್ ಹೊಡೆದರು. ಜಿ ಫೈಲ್ (ಬೋರ್ಡಿನ ಉದ್ದ ಸಾಲು) ಖಾಲಿ ಆಯಿತು, ಅವರ ಆನೆ ನೇರ ನನ್ನ ರಾಜನ ಎದುರಿಗೆ ಬಂತು. ಆಗ ಗಡಿಯಾರ ನೋಡಿದರೆ ನನ್ನ ಕಡೆ 91 ನಿಮಿಷ! ಶುರುವಿನಲ್ಲಿ ಇದ್ದದ್ದಕ್ಕಿಂತ ಜಾಸ್ತಿ. ಅಂದರೆ ಒಂದೊಂದು ನಡೆಗೂ 30 ಸೆಕೆಂಡ್ ಕೂಡ ಯೋಚಿಸಿರಲಿಲ್ಲ.

ನನ್ನ ಲೆಕ್ಕದಲ್ಲಿ ಬ್ಲಿಟ್ಜ್‌ನಿಂದ ಕಣ್ಣು ಪಳಗುತ್ತದೆ, ಅದು ಎಲ್ಲಿ ಕೂತರೂ ನಮ್ಮ ಜೊತೆ ಬರುತ್ತದೆ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ಮಾಡಿದ ಪ್ರಯೋಗ ಇದೆಯಲ್ಲ, ನಿಜವಾದ ಆಟದ ಸ್ಥಾನವನ್ನು 5 ಸೆಕೆಂಡ್ ತೋರಿಸಿದರೆ ಮಾಸ್ಟರ್ ಹೊಸಬರಿಗಿಂತ ಬಹಳ ಜಾಸ್ತಿ ಕಾಯಿಗಳನ್ನು ನೆನಪಿನಿಂದ ಜೋಡಿಸುತ್ತಿದ್ದರು. ಕಾಯಿಗಳನ್ನು ಸುಮ್ನೆ ಅಡ್ಡಾದಿಡ್ಡಿ ಇಟ್ಟರೆ ಆ ಮೇಲುಗೈ ಇರುತ್ತಿರಲಿಲ್ಲ. ಆ ಗುರುತು ಹಿಡಿಯುವ ಶಕ್ತಿ 3 ನಿಮಿಷಕ್ಕೂ ಬೇಕು, 90 ನಿಮಿಷಕ್ಕೂ ಬೇಕು. ಬರದೇ ಇರುವುದು ಕೂತು ಲೆಕ್ಕ ಹಾಕುವ ಅಭ್ಯಾಸ. ಇನ್ನೊಂದು ತೊಂದರೆ ಏನೆಂದರೆ, ಬ್ಲಿಟ್ಜ್‌ನಲ್ಲಿ ನಮ್ಮ ತಪ್ಪು ಎದುರಿಗಿದ್ದವರಿಗೂ ಕಾಣುವುದಿಲ್ಲ. ಗೆದ್ದುಬಿಡುತ್ತೇವೆ. ತಪ್ಪು ನಡೆಯೇ ಸರಿ ಅಂತ ಕೈಗೆ ಕೂತುಬಿಡುತ್ತದೆ.

ನನಗೆ ನೆರವಾದದ್ದು ಒಂದು ಸಣ್ಣ ಕೆಲಸ. ಸ್ಕೋರ್‌ಶೀಟ್‌ನಲ್ಲಿ ನಡೆ ಬರೆದ ಮೇಲೆ ಪಕ್ಕದಲ್ಲೇ ಗಡಿಯಾರದ ಸಮಯ ಬರೆಯಿರಿ. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ನಡೆಯುವ ಮೊದಲೇ ನಡೆ ಬರೆದಿಡಬಾರದು, ಅಷ್ಟೆ. ಮನೆಗೆ ಬಂದು ನೋಡಿದರೆ ಎಲ್ಲಿ ಅವಸರ ಮಾಡಿದಿರಿ ಅಂತ ಹಾಳೆಯೇ ಹೇಳುತ್ತದೆ.

ಶಿರಸಿಯಿಂದ:
ನನ್ನದು ಉಲ್ಟಾ ದಾರಿ. ಚಿಕ್ಕಪ್ಪನ ಜೊತೆ ಜಗಲಿಯಲ್ಲಿ ಕೂತು ಒಂದು ಆಟ ಒಂದು ಸಂಜೆ ಪೂರ್ತಿ ಆಡಿ ಕಲಿತವನು. ಬ್ಲಿಟ್ಜ್ ಶುರು ಮಾಡಿದಾಗ ಮೊದಲ ತಿಂಗಳು ಬರೀ ಸಮಯ ಮುಗಿದೇ ಸೋತೆ. ಆಮೇಲೆ ತಾನಾಗಿ ಸರಿಹೋಯಿತು. ಆಟದ ಕೊನೆಗೆ ಕೆಲವೇ ಕಾಯಿ ಉಳಿದಾಗ ಬರುವ ಫಿಲಿಡೋರ್ ಎಂಡ್‌ಗೇಮ್ ತಗೊಳ್ಳಿ. ಎದುರಾಳಿಗೆ ಒಂದು ಕಾಲಾಳು ಜಾಸ್ತಿ, ಇಬ್ಬರಿಗೂ ಒಂದೊಂದು ಆನೆ. ನಮ್ಮ ಕಡೆಯಿಂದ ಮೂರನೇ ಸಾಲಿನಲ್ಲಿ ಆನೆ ಇಟ್ಟು ಅವರ ರಾಜನನ್ನು ತಡೆಯಬೇಕು. ಕಾಲಾಳು ಆ ಸಾಲಿಗೆ ಕಾಲಿಟ್ಟ ತಕ್ಷಣ ಆನೆಯನ್ನು ಬೋರ್ಡಿನ ಅವರ ಕಡೆಯ ತುದಿಗೆ ಒಯ್ದು ಹಿಂದಿನಿಂದ ಚೆಕ್ ಕೊಡುತ್ತಾ ಹೋದರೆ ಡ್ರಾ. ನಿಧಾನವಾಗಿ ಅರ್ಥ ಮಾಡಿಕೊಂಡಿದ್ದರಿಂದ 8 ಸೆಕೆಂಡ್ ಉಳಿದಾಗಲೂ ನನ್ನ ಕೈ ಅದನ್ನು ಮಾಡುತ್ತದೆ. ಬರೀ ಬ್ಲಿಟ್ಜ್ ಆಡಿದ್ದರೆ ಇದು ನನಗೆ ಹೊಳೆಯುತ್ತಿತ್ತು ಅಂತ ಅನಿಸುವುದಿಲ್ಲ.

ಮೈಸೂರಿನಿಂದ:
ದೊಡ್ಡ ಆಟಗಾರರಲ್ಲೂ ವ್ಯತ್ಯಾಸ ಇದೆ. 2018ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್ ನೆನಪಿದೆಯಾ? ಕಾರ್ಲ್‌ಸನ್ ರೇಟಿಂಗ್ 2835, ಎದುರಾಳಿ ಕರುವಾನಾ ಅವರದ್ದು 2832. ಕ್ಲಾಸಿಕಲ್‌ನಲ್ಲಿ 12ಕ್ಕೆ 12 ಡ್ರಾ. ಕೊನೇ ಆಟದಲ್ಲಿ ಒಳ್ಳೆ ಸ್ಥಾನ, ಜಾಸ್ತಿ ಸಮಯ ಎರಡೂ ಇದ್ದರೂ ಕಾರ್ಲ್‌ಸನ್ 31ನೇ ನಡೆಗೆ ಡ್ರಾ ಕೇಳಿದರು. ಎರಡು ದಿನ ಬಿಟ್ಟು, ಸಮ ಮುರಿಯಲು ಆಡಿದ, ಕ್ಲಾಸಿಕಲ್‌ಗಿಂತ ವೇಗದ ಆದರೆ ಬ್ಲಿಟ್ಜ್‌ಗಿಂತ ನಿಧಾನದ ರ‍್ಯಾಪಿಡ್ ಟೈಬ್ರೇಕ್‌ನಲ್ಲಿ ಅವರೇ 3–0 ಗೆದ್ದರು. ನಮ್ಮ ಗುಕೇಶ್ 2024ರಲ್ಲಿ ಸಿಂಗಪುರದಲ್ಲಿ ಕ್ಲಾಸಿಕಲ್ ವಿಶ್ವ ಚಾಂಪಿಯನ್ ಆದಾಗ ಅವರ ರ‍್ಯಾಪಿಡ್ ರೇಟಿಂಗ್ ಕ್ಲಾಸಿಕಲ್‌ಗಿಂತ ನೂರಕ್ಕೂ ಹೆಚ್ಚು ಅಂಕ ಕಡಿಮೆ ಇತ್ತು. ಆನಂದ್ ಇನ್ನೊಂದು ಥರ. ಹುಡುಗನಾಗಿದ್ದಾಗಲೇ ವೇಗಕ್ಕೆ ಹೆಸರಾದವರು, ಕ್ಲಾಸಿಕಲ್‌ನಲ್ಲಿ ಐದು ಸಲ ವಿಶ್ವ ಚಾಂಪಿಯನ್, 2017ರಲ್ಲಿ 48ನೇ ವಯಸ್ಸಿನಲ್ಲಿ ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಗೆದ್ದರು. ಆದರೂ ಒಂದು ಮಾತು: ಈ ವ್ಯತ್ಯಾಸ ಎಲ್ಲಾ ಶಿಖರದ ಮೇಲಿನದ್ದು. ಗುಕೇಶ್ ಬ್ಲಿಟ್ಜ್‌ನಲ್ಲೂ ನಮ್ಮನ್ನೆಲ್ಲಾ ಕಣ್ಣುಮುಚ್ಚಿ ಸೋಲಿಸುತ್ತಾರೆ.

ಬೆಂಗಳೂರಿನಿಂದ:
ನಾನು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ದಯವಿಟ್ಟು ಬ್ಲಿಟ್ಜ್ ಪೂರ್ತಿ ಬಿಡಬೇಡಿ. ಓಪನಿಂಗ್ (ಶುರುವಿನ ನಡೆಗಳ) ರೂಢಿಗೆ ಅದರಷ್ಟು ಒಳ್ಳೆಯದು ಇಲ್ಲ. ದಿನಕ್ಕೆ ನಾಲ್ಕೈದು ಆಟ ಸಾಕು. ಸೇರ್ಪಡೆ ಇಲ್ಲದ 3 ನಿಮಿಷದ ಬದಲು ನಡೆಗೆ 2 ಸೆಕೆಂಡ್ ಸೇರುವುದನ್ನು ಆಡಿ, ಆಗ ಎಂಡ್‌ಗೇಮ್ ಅಂದರೆ ಬರೀ ಬೆರಳಿನ ಓಟ ಆಗುವುದಿಲ್ಲ. ಸೋತ ಆಟ ನೋಡದೆ ಮುಂದಿನದ್ದು ಒತ್ತಬೇಡಿ. ವಾರಕ್ಕೆ ಎರಡು ದಿನ 15 ನಿಮಿಷ, ನಡೆಗೆ 10 ಸೆಕೆಂಡ್‌ನ ರ‍್ಯಾಪಿಡ್ ಆಡಿ. ನನ್ನ ಹತ್ತಿರ ಒಬ್ಬ ಹುಡುಗ ಇದ್ದಾನೆ, ಒಂಬತ್ತು ವರ್ಷ, ಕೈ ಮಿಂಚು. ಅವನಿಗೆ ಎರಡೂ ಅಂಗೈ ತೊಡೆ ಕೆಳಗೆ ಇಟ್ಟು ಕೂರಲು ಹೇಳಿದೆ. ಈಗ ಕೈ ಹೊರಗೆ ತೆಗೆಯುವ ಮುಂಚೆ ಬೋರ್ಡಿನ ನಾಲ್ಕೂ ಮೂಲೆ ನೋಡುತ್ತಾನೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಸಮಯ ಬರೆದಿರಲಿಲ್ಲ, ಆದರೆ ಆರು ಸೋಲಿನ ಹಾಳೆಗಳು ಇವೆ, ಈಗಷ್ಟೇ ಹರಡಿಕೊಂಡು ಕೂತೆ. ನಾಲ್ಕರಲ್ಲಿ ಆಟ ಮುಗಿದಾಗ ನನ್ನ ಹತ್ತಿರ ಒಂದು ಗಂಟೆಗಿಂತ ಜಾಸ್ತಿ ಉಳಿದಿದ್ದು ಚೆನ್ನಾಗಿ ನೆನಪಿದೆ. ಇವತ್ತು ರಾತ್ರಿ ಮೊದಲನೆಯದನ್ನು ಕಂಪ್ಯೂಟರ್ ಎಂಜಿನ್ ಹಾಕದೆ ನೋಡುತ್ತೇನೆ. ತುಮಕೂರಿನವರೇ, ಐದನೇ ಸುತ್ತಿನಲ್ಲಿ ನನ್ನದೂ ಎಫ್5ರ ಕುದುರೆಯೇ.