ಎಮ್ಯುಲೇಟರ್: ‘ಅನುಕರಣೆ’ ಸಾಕೇ, ‘ಸರಿಗಟ್ಟು’ ಸಲ್ಲುವುದೇ?

ನಮಸ್ಕಾರ.

ಹಳೆಯ ವಿಡಿಯೋ ಗೇಮ್‌ಗಳನ್ನು ಕಂಪ್ಯೂಟರಿನಲ್ಲಿ ಆಡುವುದು ಹೇಗೆಂದು ಅಕ್ಕನ ಮಗನಿಗೆ ಕನ್ನಡದಲ್ಲೇ ಒಂದು ಟಿಪ್ಪಣಿ ಬರೆದುಕೊಡಲು ಹೊರಟೆ. ಮೊದಲ ಸಾಲಿನಲ್ಲೇ ತಡವರಿಸಿದೆ. ಒಂದು ಯಂತ್ರಕ್ಕೆಂದು ಬರೆದ ಆಟವನ್ನು ಬೇರೊಂದು ಯಂತ್ರದಲ್ಲಿ ನಡೆಸುವ ತಂತ್ರಾಂಶವಾದ ‘ಎಮ್ಯುಲೇಟರ್’ಗೆ ಏನನ್ನಬೇಕು?

‘ಅನುಕರಣೆ’ ಎಂದು ಬರೆದು ಹೊಡೆದುಹಾಕಿದೆ. ಸಿಮ್ಯುಲೇಟರ್‌ಗೂ ನಾವು ಅದನ್ನೇ ಹೇಳುತ್ತೇವಲ್ಲ! ಎರಡೂ ಒಂದೇ ಅಲ್ಲ. ಪೈಲಟ್‌ಗಳ ತರಬೇತಿಯ ಸಿಮ್ಯುಲೇಟರ್ ಹಾರಾಟದ ಅನುಭವ ಕೊಟ್ಟರೆ ಸಾಕು, ಅದರೊಳಗೆ ಎಂಜಿನ್ ಉರಿಯಬೇಕಿಲ್ಲ. ಎಮ್ಯುಲೇಟರ್ ಹಾಗಲ್ಲ. 1983ರಲ್ಲಿ ಜಪಾನಿನಲ್ಲಿ ಬಂದ, ನಿಂಟೆಂಡೊ ಕಂಪನಿಯ ವಿಡಿಯೋ ಗೇಮ್ ಯಂತ್ರ ಫ್ಯಾಮಿಕಾಮ್‌ನ ಪ್ರೊಸೆಸರ್‌ಗೆಂದು ಬರೆದ ಆದೇಶಗಳನ್ನು ಇದ್ದದ್ದು ಇದ್ದಂತೆಯೇ ನಡೆಸಿಕೊಡಬೇಕು. ತಾನು ಬೇರೆ ಯಂತ್ರದೊಳಗಿದ್ದೇನೆ ಎಂಬ ಸುಳಿವು ಆಟಕ್ಕೆ ಸಿಗಕೂಡದು.

ಲ್ಯಾಟಿನ್ ಮೂಲ ನೋಡಿದಾಗ ದಾರಿ ಕಂಡಿತು. ಸಿಮ್ಯುಲೇಟ್‌ನ ಬೇರು ‘ಹೋಲು’ ಎಂಬ ಅರ್ಥದ್ದು. ಎಮ್ಯುಲೇಟ್‌ನದು ‘ಪೈಪೋಟಿಗಿಳಿ, ಸಮನಾಗಲು ಹೆಣಗು’ ಎಂಬುದು. ಅದಕ್ಕೆ ನಮ್ಮಲ್ಲಿ ‘ಸರಿಗಟ್ಟು’ ಇದೆಯಲ್ಲ! ಅನುಕರಣೆ ಚೆನ್ನಾಗಿದೆಯೋ ಇಲ್ಲವೋ ಎಂದು ವಾದಿಸಬಹುದು. ಸರಿಗಟ್ಟಿತೇ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನಲೇಬೇಕು.

ಈ ವ್ಯತ್ಯಾಸ ಹುಡುಗನ ಕಂಪ್ಯೂಟರಿನಲ್ಲೇ ಕಿವಿಗೆ ಬಿತ್ತು. ‘ನಮ್ಮ ದೇಶದ ಟಿವಿ ಪಾಲ್ ಪದ್ಧತಿಯದು’ ಎಂದು ಯಾರೋ ಹೇಳಿದ್ದನ್ನು ನಂಬಿ ಅವನು, ಎಮ್ಯುಲೇಟರ್‌ಗಳನ್ನು ನಡೆಸುವ ತಂತ್ರಾಂಶವಾದ ರೆಟ್ರೋಆರ್ಚ್‌ನಲ್ಲಿ ಪ್ರದೇಶದ ಆಯ್ಕೆಯನ್ನು ಪಾಲ್ ಎಂದು ಇಟ್ಟಿದ್ದ. ಸಂಗೀತ ನಿಧಾನವಾಗಿದ್ದಲ್ಲದೆ ಶ್ರುತಿಯೂ ಇಳಿದಿತ್ತು. ಜಪಾನ್, ಅಮೆರಿಕಗಳ ಯಂತ್ರ ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್) ತೋರಿಸುತ್ತದೆ, ಪ್ರೊಸೆಸರ್ 1.79 ಮೆಗಾಹರ್ಟ್ಸ್, ಪಾಲ್ ಪದ್ಧತಿಯ ಯುರೋಪಿನದು 50 ಚೌಕಟ್ಟು, 1.66 ಮೆಗಾಹರ್ಟ್ಸ್. ಚೌಕಟ್ಟು ಕಡಿಮೆಯಾದರೆ ವೇಗ ಇಳಿಯುತ್ತದೆ, ಮೆಗಾಹರ್ಟ್ಸ್ ಕಡಿಮೆಯಾದರೆ ಶ್ರುತಿ. ಆದರೆ ತೊಂಬತ್ತರ ದಶಕದಲ್ಲಿ ನಮ್ಮ ಮನೆಯಲ್ಲಿದ್ದ, ಫ್ಯಾಮಿಕಾಮ್‌ನ ನಕಲಿ ಪೆಟ್ಟಿಗೆಯಲ್ಲಿ ಆಟ ತುಸು ನಿಧಾನವಾದರೂ ಶ್ರುತಿ ಇಷ್ಟು ಇಳಿದ ನೆನಪಿಲ್ಲ. ಮೆಸೆನ್‌ನಂಥ ಎಮ್ಯುಲೇಟರ್‌ಗಳಲ್ಲಿ ಇದಕ್ಕೇ ‘ಡೆಂಡಿ’ ಎಂಬ ಮೂರನೆಯ ಆಯ್ಕೆ ಇದೆ. ಡೆಂಡಿ ರಷ್ಯಾದಲ್ಲಿ ಮಾರಾಟವಾಗುತ್ತಿದ್ದ ನಕಲು ಯಂತ್ರ: 50 ಚೌಕಟ್ಟು, 1.77 ಮೆಗಾಹರ್ಟ್ಸ್. ಅದನ್ನು ಆರಿಸಿದೊಡನೆ ನನ್ನ ಬಾಲ್ಯದ ಸಂಗೀತ ಮರಳಿತು. ಅಂದರೆ ತಂತ್ರಾಂಶ ಅಸಲನ್ನು ಮಾತ್ರವಲ್ಲ, ನಕಲನ್ನೂ ಸರಿಗಟ್ಟುತ್ತಿದೆ! ಇಲ್ಲಿ ‘ನಕಲಿನ ಅನುಕರಣೆ’ ಎಂದು ಬರೆದಿದ್ದರೆ ಓದುವವನು ನಕ್ಕು ಸುಮ್ಮನಾಗುತ್ತಿದ್ದ.

ಕ್ರಿಯಾಪದವೇನೋ ಸಿಕ್ಕಿತು. ನಾಮಪದದ್ದೇ ತಕರಾರು. ‘ಸರಿಗಟ್ಟುಗ’ ಎನ್ನೋಣವೆಂದರೆ ಓದುಗ, ಕೇಳುಗ, ನೋಡುಗ ಎಲ್ಲರೂ ಮನುಷ್ಯರೇ. ವಸ್ತುಗಳಿಗೆ ಬಾಚು–ಬಾಚಣಿಗೆ, ಬೀಸು–ಬೀಸಣಿಗೆ ಎಂಬ ಅಚ್ಚುಕಟ್ಟಾದ ದಾರಿಯಿದೆ, ಆದರೆ ‘ಸರಿಗಟ್ಟಣಿಗೆ’ ಎಂದು ಜೋರಾಗಿ ಹೇಳಿ ನೋಡಿ, ಅಟ್ಟದ ಮೇಲಿಟ್ಟ ಯಾವುದೋ ಹಳೆಯ ಸಾಮಾನಿನ ಹೆಸರಿನಂತಿದೆ. ಸದ್ಯಕ್ಕೆ ‘ಎಮ್ಯುಲೇಟರ್’ ಅನ್ನು ಹಾಗೆಯೇ ಉಳಿಸಿಕೊಂಡು, ಅದು ಮಾಡುವ ಕೆಲಸಕ್ಕೆ ‘ಸರಿಗಟ್ಟುವಿಕೆ’ ಎಂದು ಬಳಸಿದ್ದೇನೆ.

ರೆಟ್ರೋಆರ್ಚ್‌ನ ‘ಕೋರ್’ಗೆ (ಒಂದೊಂದು ಯಂತ್ರವನ್ನು ಸರಿಗಟ್ಟುವ ಅದರ ಒಳಭಾಗ) ‘ತಿರುಳು’ ಎಂದೆ, ಅದು ತಾನಾಗಿಯೇ ಕೂತುಕೊಂಡಿತು.

ಇನ್ನೊಂದು ಸಂದೇಹ. ಆಟದ ಚಿಪ್ ಇದ್ದ ಪ್ಲಾಸ್ಟಿಕ್ ಡಬ್ಬಿಯನ್ನು ನಾವೆಲ್ಲ ‘ಕ್ಯಾಸೆಟ್’ ಎನ್ನುತ್ತಿದ್ದೆವು. ಒಳಗೆ ಟೇಪಿನ ಎಳೆಯೂ ಇರಲಿಲ್ಲ. ಇದು ನಮ್ಮ ತಪ್ಪೆಂದು ನಾಚಿಕೊಳ್ಳಬೇಕಿಲ್ಲ, ಜಪಾನಿನವರೂ ಅದನ್ನು ‘ಕಸೆಟ್ಟೊ’ ಎಂದೇ ಕರೆಯುತ್ತಾರೆ. ಹಾಗಿದ್ದರೆ ಆ ಡಬ್ಬಿಯಿಂದ ತೆಗೆದ ರಾಮ್ (ROM) ಕಡತವನ್ನು, ಅಂದರೆ ಆಟದ ಫೈಲನ್ನು, ‘ಕ್ಯಾಸೆಟ್ ಪ್ರತಿ’ ಎಂದರೆ ಹೇಗೆ? ಓದುಮಾತ್ರದ ಸ್ಮೃತಿ ಎಂಬ ಪಠ್ಯಪುಸ್ತಕದ ಮಾತು ಹದಿಮೂರರ ಹುಡುಗನ ಬಾಯಿಗೆ ಬರುವುದಿಲ್ಲ. ಆದರೆ ಅವನು ಕ್ಯಾಸೆಟ್ಟನ್ನೂ ಕಂಡವನಲ್ಲ.

‘ಸರಿಗಟ್ಟು’ವಿನಿಂದ ಉಪಕರಣದ ಹೆಸರನ್ನು ಕಟ್ಟಲು ಬೇರೆ ಪ್ರತ್ಯಯ ಯಾವುದಾದರೂ ಒದಗುವುದೇ? ನಿಮ್ಮ ಊರಿನಲ್ಲಿ ಆ ಡಬ್ಬಿಗೆ ಕ್ಯಾಸೆಟ್ ಬಿಟ್ಟು ಬೇರೆ ಹೆಸರಿತ್ತೇ? ಬಲ್ಲವರು ತಿಳಿಸಿದರೆ ಟಿಪ್ಪಣಿ ತಿದ್ದಿಕೊಳ್ಳುತ್ತೇನೆ.